ಸರ್ವಾಧಿಕಾರಿಗೆ ಬಂದ ಆಯೇರಿ

ಮುಂದೆಂದೋ ಬರಲಿರುವ ಕೆಟ್ಟ ಕಾಲದ ಸಿನಿಮಾಗಳೆಂದರೆ ನನಗೆ ಪ್ರಾಣ. ಈ ವಯಸ್ಸಿನಲ್ಲಿ ದೇವರ ಸಿನಿಮಾ ನೋಡಿಕೊಂಡು ಇರಬೇಕಾದವನು ಮೊಮ್ಮಗಳ ಪಕ್ಕದಲ್ಲಿ ಕುಳಿತು, ಬೂದು ಬಣ್ಣದ ಅಂಗಿ ತೊಟ್ಟ ಜನರು ಸಾಲಾಗಿ ನಿಂತು ಊಟಕ್ಕೆ ಬದಲು ಗುಳಿಗೆ ನುಂಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತೇನೆ. ಗೋಡೆಗೊಂದು ಕಣ್ಣು, ಬಾಗಿಲಿಗೊಬ್ಬ ಪೊಲೀಸ, ಎತ್ತರದ ಮಹಡಿಯಲ್ಲಿ ಒಬ್ಬ ಸರ್ವಾಧಿಕಾರಿ. ಕೊನೆಯ ಅರ್ಧ ತಾಸಿನಲ್ಲಿ ಜನ ತಿರುಗಿಬೀಳುತ್ತಾರೆ, ಅವನು ಉರುಳುತ್ತಾನೆ. ಎಲ್ಲ ಸರಿ, ಆದರೆ ನನ್ನದೊಂದು ತಕರಾರಿದೆ. ಅವನು ಅಷ್ಟು ಸಲೀಸಾಗಿ ಉರುಳುವುದಕ್ಕೆ ಜನರ ಶೌರ್ಯವೊಂದೇ ಕಾರಣವಲ್ಲ. ಆ ದೇಶಗಳಲ್ಲಿ ಯಾರಿಗೂ ಬೀಗರೇ ಇರುವುದಿಲ್ಲ. ಬೀಗರಿರುವ ಸರ್ವಾಧಿಕಾರಿಯನ್ನು ಉರುಳಿಸಿ ನೋಡಿ, ಆಗ ಗೊತ್ತಾಗುತ್ತದೆ. ನಾನು ಉರುಳಿಸಲು ಹೋಗಿದ್ದೆ, ಎಪ್ಪತ್ತರ ದಶಕದಲ್ಲಿ, ದೊಡವಾಡದಲ್ಲಿ.

ಆಗ ನಾನು ಅಲ್ಲಿನ ಶಾಲೆಯಲ್ಲಿ ಹೊಸ ಮಾಸ್ತರ. ಧಾರವಾಡದಲ್ಲಿ ಕಾಲೇಜು ಓದುವಾಗ ಇಂಗ್ಲಿಷ್ ಕಾದಂಬರಿ ಓದಿ ಓದಿ ತಲೆ ಕೆಡಿಸಿಕೊಂಡಿದ್ದೆ. ಊರಿನಲ್ಲಿ ವರ್ಷಕ್ಕೊಂದು ನಾಟಕವಾಗುತ್ತಿತ್ತು. ಅದೇ ಗೌಡ, ಅದೇ ಗೌಡತಿ, ಅದೇ ವಿಷದ ಹಾಲು. ಈ ವರ್ಷ ನಾನು ಬರೆಯುತ್ತೇನೆ ಎಂದೆ. ಬರೆದೆ ಕೂಡ. ಮುಂದೊಂದು ಕಾಲದ ನಾಡು. ಅಲ್ಲಿ ನಗುವುದು ಅಪರಾಧ. ಸರ್ವಾಧಿಕಾರಿ ಸೀಟಿ ಊದಿದರೆ ಜನ ಏಳಬೇಕು, ಊದಿದರೆ ಮಲಗಬೇಕು. ಕೊನೆಯ ದೃಶ್ಯದಲ್ಲಿ ಒಬ್ಬ ತರುಣ ಅವನ ಕೊರಳಿನ ಸೀಟಿ ಕಿತ್ತು, ಅವನನ್ನು ಸಿಂಹಾಸನದಿಂದ ಕೆಡವುತ್ತಾನೆ, ಜನ ನಗುತ್ತಾರೆ, ರಾಜ್ಯ ಮುಗಿಯುತ್ತದೆ. ತರುಣನ ಪಾತ್ರ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಬರೆದವನೇ ನಾನಾಗಿದ್ದಾಗ ಬೇರೆಯವರಿಗೆ ಯಾಕೆ ಕೊಡಲಿ?

ಸರ್ವಾಧಿಕಾರಿ ಸಿಗುವುದೇ ಕಷ್ಟವಾಯಿತು. ಕಡೆಗೆ ನನ್ನ ಸೋದರಮಾವ ಚನ್ನಪ್ಪನನ್ನು ಹಿಡಿದೆ. ಆರಡಿ ಆಳು, ಲಿಂಬೆಹಣ್ಣು ನಿಲ್ಲುವಂಥ ಮೀಸೆ, ಮೇಲಾಗಿ ಊರಿನಲ್ಲಿ ಕೈಯಿರುವ ದೊಡ್ಡ ಕುರ್ಚಿ ಇದ್ದದ್ದು ಅವನ ಪಡಸಾಲೆಯಲ್ಲಿ ಮಾತ್ರ. ಆದರೆ ಮಾವ ಎತ್ತಿಗೂ ಬೈದವನಲ್ಲ. ಅಪ್ಪ ತೀರಿದ ಮೇಲೆ ಅವ್ವನನ್ನೂ ನನ್ನನ್ನೂ ಮನೆಗೆ ಕರೆತಂದು, ಒಂದು ದಿನವೂ ಅದನ್ನು ಎತ್ತಿ ಆಡದೆ ಸಾಕಿದ ಮನುಷ್ಯ. ತಾಲೀಮಿನಲ್ಲಿ "ನಕ್ಕವರ ನಾಲಗೆ ಕೀಳಿಸುತ್ತೇನೆ!" ಎಂದು ಗುಡುಗು ಅಂದರೆ, "ನಗಬ್ಯಾಡ್ರಿಪಾ, ನಾಲಗಿ ಕೀಳಬೇಕಾಕ್ಕೇತಿ, ಸುಳ್ಳ ಯಾಕ ತ್ರಾಸ?" ಎನ್ನುತ್ತಿದ್ದ. ಪೇಟಿ ನುಡಿಸುವ ಹುಸೇನಸಾಬ ಮಾಸ್ತರರು ಹೊಟ್ಟೆ ಹಿಡಿದುಕೊಂಡು, "ಚನ್ನಪ್ಪಣ್ಣಾ, ನಿನ್ನ ರಾಜ್ಯದಾಗ ನಮಗ ಒಂದ ಮನಿ ಕೊಡಿಸಪಾ. ಇಂಥಾ ಆರಾಮ ಎಲ್ಲೂ ಇಲ್ಲ" ಎಂದರು. ಸರ್ವಾಧಿಕಾರಿ ನಾಚಿಕೊಂಡು ಎಲ್ಲರಿಗೂ ಚುರಮುರಿ ತರಿಸಿದ.

ಇಷ್ಟೇ ಆಗಿದ್ದರೆ ನಾಟಕ ಕೆಟ್ಟಿತು ಎಂದು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಜೀವ ಅದರಲ್ಲಿ ಸಿಕ್ಕಿಬಿದ್ದಿತ್ತು. ಸವದತ್ತಿಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆವು. ಹೆಸರು ಶಾಂತಾ. ಉಪ್ಪಿಟ್ಟಿನ ತಾಟು ಕೊಡುವಾಗ ಅವಳು ನನ್ನ ಕೈಗಡಿಯಾರ ನಿಂತುಹೋಗಿರುವುದನ್ನು ಕಂಡು, ತಡೆಯಲಾಗದೆ ಫಕ್ಕನೆ ನಕ್ಕುಬಿಟ್ಟಳು. ಅವಳ ಸೋದರತ್ತೆ ಕಣ್ಣು ಕೆಂಪು ಮಾಡಿದರು. ನಾನು ಆ ನಗೆಯನ್ನು ದೊಡವಾಡದವರೆಗೂ ಬಸ್ಸಿನಲ್ಲಿ ಹೊತ್ತು ತಂದೆ. ಅವಳಿಲ್ಲದಿದ್ದರೆ ಬೇರೆ ಯಾರೂ ಬೇಡ ಎಂದು ಅವ್ವನಿಗೆ ಹೇಳಿಯೂ ಬಿಟ್ಟೆ. ಆದರೆ ಅವಳ ಅಪ್ಪ ಗಟ್ಟಿ ಆಸಾಮಿ. "ವಿಚಾರ ಮಾಡಿ ಹೇಳತೇವ್ರಿ" ಎಂದವರು, ನಾಟಕದ ಸುದ್ದಿ ಕೇಳಿ, "ಹಂಗಾರ ಅವತ್ತ ಬರತೇವಿ. ಹುಡುಗ ನಾಲ್ಕ ಮಂದಿಯೊಳಗ ಹ್ಯಾಂಗ ನಡಕೋತಾನ ನೋಡಿ, ಅಲ್ಲೇ ಹೇಳಿ ಹೋಗತೇವಿ" ಎಂದು ಹೇಳಿ ಕಳಿಸಿದರು. ಮಗಳನ್ನೂ ಕರೆತರುವವರಿದ್ದರು.

ಸವದತ್ತಿಯವರು ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕೆಂದು ಆ ವರ್ಷದ ಆಟ ಮಧ್ಯಾಹ್ನವೇ ಆಯಿತು. ಶಾಲೆಯ ಅಂಗಳದಲ್ಲಿ ತಾಡಪತ್ರಿ ಕಟ್ಟಿ, ಊರ ಹೆಣ್ಣುಮಕ್ಕಳ ಇಳಕಲ್ಲ ಸೀರೆಗಳನ್ನು ಪರದೆ ಮಾಡಿದೆವು. ಭವಿಷ್ಯದ ಆ ಭಯಂಕರ ನಾಡಿನಲ್ಲಿ ಅಷ್ಟು ಚೆಂದದ ಸೆರಗುಗಳು! ಚಕ್ಕಡಿ ಬಿಟ್ಟ ಎತ್ತುಗಳು ಹಿಂದೆ ಮೆಲುಕು ಹಾಕುತ್ತಿದ್ದವು. ಗಂಡಸರ ಸಾಲಿನ ಮುಂದೆ ಶಾಂತಾಳ ಅಪ್ಪ, ಹೆಂಗಸರ ನಡುವೆ ಆ ಅತ್ತೆಯ ಪಕ್ಕ ಹಸಿರು ಸೀರೆಯಲ್ಲಿ ಶಾಂತಾ. ಆ ಅಂಗಳ ಈಗಲೂ ಕಣ್ಣ ಮುಂದಿದೆ. ಅಲ್ಲಿದ್ದವರಲ್ಲಿ ಅರ್ಧ ಜನ ಈಗಿಲ್ಲ.

ನಾಟಕ ನಿರೀಕ್ಷೆಗಿಂತ ಚೆನ್ನಾಗಿ ನಡೆಯಿತು. ಮೀಸೆಗೆ ಮಸಿ ಬಳಿದ ಮಾವ ಮೊದಲ ಬಾರಿಗೆ ಯಾರಿಗೂ ಕೈ ಮುಗಿಯದೆ ಸೀಟಿ ಊದಿದ. ಮುಂದೆ ಕುಳಿತ ಮಕ್ಕಳು ನಿಜವಾಗಿಯೂ ಮಲಗಿದವು. ನಾನು ಬಂದೆ, ಗುಡುಗಿದೆ. "ನಗುವನ್ನು ಕಸಿದುಕೊಂಡ ರಾಜ್ಯ ಒಂದು ಗಳಿಗೆಯೂ ಉಳಿಯಕೂಡದು! ಇದೋ, ಯಾರ ಅಪ್ಪಣೆಗೂ ಕಾಯದೆ ನಿನ್ನನ್ನು ಕೆಡವುತ್ತಿದ್ದೇನೆ!" ಹಸಿರು ಸೀರೆಯ ಕಣ್ಣುಗಳು ನನ್ನ ಮೇಲೇ ನೆಟ್ಟಿದ್ದನ್ನು ಕಂಡೆ. ಕೈ ಚಾಚಿ ಮಾವನ ಕೊರಳಿನ ಸೀಟಿ ಹಿಡಿದೆ.

"ತಡೀರಿ, ತಡೀರಿ!" ಎಂದು ಹುಸೇನಸಾಬರು ಪೇಟಿ ನಿಲ್ಲಿಸಿ ಮೈಕು ಹಿಡಿದರು. "ಎಂ.ಕೆ. ಹುಬ್ಬಳ್ಳಿಯ ರುದ್ರಗೌಡರಿಂದ ತಮ್ಮ ಬೀಗರಾದ ಸರ್ವಾಧಿಕಾರಿ ಚನ್ನಪ್ಪನವರಿಗೆ ಆಯೇರಿ!"

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಪಾತ್ರ ಮಾಡಿದವನಿಗೆ ಅವನ ಬಂಧುಗಳು ನಡು ನಾಟಕದಲ್ಲೇ ರಂಗದ ಮೇಲೆ ಬಂದು ಬಟ್ಟೆಬರೆ ಉಡುಗೊರೆ ಕೊಡುತ್ತಾರೆ. ಅದು ಆಯೇರಿ. ಅದು ಬಂತೆಂದರೆ ಯುದ್ಧವಿರಲಿ, ಸಾವಿರಲಿ, ಎಲ್ಲ ನಿಲ್ಲಬೇಕು. ಮಾವನ ಮಗಳನ್ನು ರುದ್ರಗೌಡರ ಮನೆಗೆ ಕೊಟ್ಟಿತ್ತು. ಅವರು ಮೊದಲ ಅಂಕಕ್ಕೇ ಬರಬೇಕಾದವರು, ಕಬ್ಬಿನ ಗಾಡಿಗಳ ಹಿಂದೆ ಬಸ್ಸು ಸಿಕ್ಕಿಬಿದ್ದು ಈಗ ಬಂದಿದ್ದರು. ನನ್ನ ಕೈ ಮಾವನ ಕೊರಳಿನಲ್ಲೇ ಇರುವಾಗ ಅವರು ಬಂದು ಮಾವನ ತಲೆಗೆ ಹೊಸ ಹಳದಿ ಪಟಗಾ ಸುತ್ತಿದರು. ಆ ರುಮಾಲು ಸುತ್ತಿ ಮುಗಿಯುವವರೆಗೆ ಕ್ರಾಂತಿ ಬಗ್ಗಿ ನಿಂತಿತ್ತು. ಸರ್ವಾಧಿಕಾರಿಗೆ ಕಣ್ಣೀರು ಬಂದು ಮೀಸೆಯ ಮಸಿ ಇಳಿಯಿತು.

ರುದ್ರಗೌಡರು ಇಳಿದು ಹೋಗಿ ಕುಳಿತರು. ನಾನು ಮತ್ತೆ ಮಾವನ ರಟ್ಟೆಗೆ ಕೈ ಹಾಕಿದೆ. ಅವರು ಎದ್ದು ನಿಂತರು.

"ಏ ಮಾಸ್ತರ! ಏನ ಮಾಡಾಕ ಹತ್ತೀ?"

"ಕೆಡವತೇನ್ರಿ. ನಾಟಕದಾಗ ಹಂಗ ಐತ್ರಿ."

"ನಾಟಕದಾಗ ಇರ್ಲಿ. ನಾ ಈಗ ಸುತ್ತಿದ ಪಟಗಾ ಮಣ್ಣಾಗ ಬಿದ್ರ ನಮ್ಮ ಮನಿತನದ ಮರ್ಯಾದಿ ಏನಾತು?"

ಶಾಂತಾಳ ಅಪ್ಪ ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದರು. ಕೆಡವಿದರೆ ಬೀಗರಿಗೆ ಅವಮಾನ. ಮಾವನ ಮಗಳು ಆ ಮನೆಯಲ್ಲಿ ಬಾಳಬೇಕು. ಇಂಥ ಉಡಾಳನಿಗೆ ಹೆಣ್ಣು ಯಾರು ಕೊಡುತ್ತಾರೆ? ಬಿಟ್ಟರೆ ನಾನು ಬರೆದ ನಾಟಕ, ನಾನು ಆಗಷ್ಟೇ ಗುಡುಗಿದ ಮಾತು? ಅಯ್ಯೋ ದೇವರೇ, ಹಿಡಿದ ರಟ್ಟೆ ಬಿಡದೆ ಮಾವನ ಕಡೆ ತಿರುಗಿದೆ. ಬಾಯಿಂದ ಬಂದ ಮಾತು ಮೈಕಿನಲ್ಲಿ ಇಡೀ ದೊಡವಾಡಕ್ಕೆ ಕೇಳಿಸಿತು.

"ಮಾವಾ, ಕೆಡವಲೇನು?"

ಮಾವ ನನ್ನನ್ನು ಕರುಣೆಯಿಂದ ನೋಡಿದ. "ತಡಿಯೋ ಗುರ್ಯಾ, ನಾನ ಬೀಳತೇನಿ. ನಿನ್ನ ನಾಟಕ ಯಾಕ ಕೆಡಬೇಕು?" ಎಂದು ಪಟಗಾ ತೆಗೆದು, ಹೋಗಿ ಬೀಗರ ಕೈಯಲ್ಲಿ ಕೊಟ್ಟು, ಬಂದು ಸಿಂಹಾಸನದಲ್ಲಿ ಕುಳಿತು, ಸೀಟಿಯನ್ನು ತಾನೇ ಬಿಚ್ಚಿ ನನಗೆ ಕೊಟ್ಟು, ಪಂಚೆ ಸರಿಮಾಡಿಕೊಂಡು ನಿಧಾನವಾಗಿ ನೆಲದ ಮೇಲೆ ಒರಗಿದ. ಜನ ಬಿದ್ದು ಬಿದ್ದು ನಕ್ಕರು. ನನ್ನ ನಾಟಕದ ಪ್ರಕಾರ ಜನ ನಕ್ಕರೆ ರಾಜ್ಯ ಮುಗಿಯಬೇಕು. ಎಲ್ಲಿಯ ಮುಗಿಯುವುದು! "ಒನ್ಸ್ ಮೋರ್!" ಎಂದರು. ಮಾವ ಎದ್ದು ಇನ್ನೊಮ್ಮೆ ಬಿದ್ದ. ಮತ್ತೆ "ಒನ್ಸ್ ಮೋರ್!" ಎದ್ದು ಕುಳಿತ ಮಾವ ಈ ಸಲ ಕುರ್ಚಿ ಬಿಡಲಿಲ್ಲ. "ಒಲ್ಲೆಪಾ, ಮೊಣಕಾಲ ನೂಸಾಕ ಹತ್ಯಾವು" ಎಂದ. ಹುಸೇನಸಾಬರು ಮಂಗಳ ನುಡಿಸಿದರು. ಸರ್ವಾಧಿಕಾರಿ ಸಿಂಹಾಸನದ ಮೇಲೆ, ಕ್ರಾಂತಿಕಾರಿ ಕೆಳಗೆ ಕುಳಿತು ಅವನ ಮೊಣಕಾಲು ತಿಕ್ಕುತ್ತಿರುವಾಗ ಪರದೆ ಬಿತ್ತು.

ಎಲ್ಲ ಮುಗಿಯಿತು ಎಂದು ನಾನು ಸೀರೆಗಳ ಹಿಂದೆ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಶಾಂತಾಳ ಅಪ್ಪ ಅಲ್ಲಿಗೇ ಬಂದರು. ಮಾವನಿಗೆ, "ಹುಡುಗ ಸಂಭಾವಿತ ಅದಾನ್ರಿ. ಹಿರ್ಯಾರನ್ನ ಕೇಳದ ಒಂದ ಹೆಜ್ಜಿ ಇಡೂದಿಲ್ಲ. ನಮ್ಮ ಒಪ್ಪಿಗಿ ಐತಿ" ಎಂದು ಕೈಗೆ ಸಕ್ಕರೆ ಹಾಕಿದರು. ನಾಟಕ ಸೋತು ಹೆಣ್ಣು ಗೆದ್ದೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮಾವ ಹೋಗಿ ಬಹಳ ದಿನವಾಯಿತು. ಎಲ್ಲಿಯಾದರೂ ಕಂಡಕ್ಟರನ ಸೀಟಿ ಕೇಳಿದರೆ, ಮಸಿ ಇಳಿದ ಆ ಮೀಸೆ ನೆನಪಾಗಿ ಕಣ್ಣು ತೇವವಾಗುತ್ತದೆ.

ಮೊನ್ನೆ ಅಂಥದೇ ಸಿನಿಮಾ ನೋಡುತ್ತ ಈ ಕತೆಯನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಶಾಂತಾಳನ್ನು ಕೇಳಿದಳು. "ಅಜ್ಜಿ, ನಿನಗೂ ಅಜ್ಜ ಅವತ್ತೇ ಮನಸಿಗೆ ಬಂದಿದ್ದೇನು?"

"ಬಂದಿದ್ದ" ಎಂದಳು ಶಾಂತಾ, ಸೊಪ್ಪಿನಿಂದ ತಲೆಯೆತ್ತದೆ. "ಯಾರ ಅಪ್ಪಣಿಗೂ ಕಾಯೂದಿಲ್ಲ ಅಂತ ಒದರಿದ್ನಲ್ಲ, ಅವಾಗ ಅತ್ತಿ ಕಿವ್ಯಾಗ ಹೂಂ ಅಂದೆ. ಆಮ್ಯಾಲ ಪಟಗಾ ಬಂತು. ಅಪ್ಪ ಹೂಂ ಅಂದದ್ದು ಪಟಗಾ ಬಂದ ಮ್ಯಾಲೆ."

"ಅಂದ್ರ?"

"ನಾ ಒಪ್ಪಿದಾಂವ ಬ್ಯಾರೆ, ಅಪ್ಪ ಒಪ್ಪಿದಾಂವ ಬ್ಯಾರೆ. ನಮ್ಮ ಮನಿಗೆ ಬಂದಾಂವ ಅಪ್ಪ ಒಪ್ಪಿದಾಂವ."

ಹೇಳಿ, ಅದೇ ಹಳೆಯ ರೀತಿಯಲ್ಲಿ ಫಕ್ಕನೆ ನಕ್ಕಳು. ಟಿವಿಯಲ್ಲಿ ಜನ ಮಹಡಿಯ ಬಾಗಿಲು ಒಡೆದು ಒಳಗೆ ನುಗ್ಗುತ್ತಿದ್ದರು, ಗದ್ದಲ ವಿಪರೀತವಾಗಿತ್ತು. ಈಗಲಾದರೂ ಅವಳು ಒಪ್ಪಿದವನಾಗಿ ಒಂದು ಮಾತು ಗುಡುಗಬೇಕೆಂದು ಎದೆಯುಬ್ಬಿಸಿ ರಿಮೋಟು ಕೈಗೆತ್ತಿಕೊಂಡೆ.

"ಶಾಂತಾ," ಎಂದೆ, "ಸಪ್ಪಳ ಸ್ವಲ್ಪ ಕಡಿಮಿ ಮಾಡಲೇನು?"