ಎಣ್ಣೆ ಇಳಿಯುವ ಹೊತ್ತು

ತಾನು ಮುಟ್ಟಿದ್ದು ಕೆಡುವುದಿಲ್ಲ, ಕೆಡಲಿದ್ದದ್ದನ್ನೇ ತಾನು ಹುಡುಕಿ ಮುಟ್ಟುತ್ತೇನೆ ಎಂಬುದು ರಿಪೇರಿ ರಾಯರ ನಂಬಿಕೆ. ಹೊಟ್ಟೆಪಾಡಿಗೆ ಅವರು ವಿಮಾ ಕಚೇರಿಯ ಗುಮಾಸ್ತರು. ಜೀವ ಇರುವುದು ಮಾತ್ರ ಸ್ಕ್ರೂಡ್ರೈವರಿನಲ್ಲಿ. ಅವರ ಸೇವೆಯ ಫಲವಾಗಿ ಮನೆಯ ಇಸ್ತ್ರಿಪೆಟ್ಟಿಗೆ ಈಗ ಪೇಪರು ಹಾರದಂತೆ ಒತ್ತಿಡುವ ಕೆಲಸ ಮಾಡುತ್ತಿದೆ. (ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದೆ.) ‘ರಿಪೇರಿ ರಾಯರು’ ಎಂಬ ಬಿರುದು ದಯಪಾಲಿಸಿದವಳು ಅವರ ಹೆಂಡತಿ. ರಾಯರು ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದ್ದರು.

ಅಂದು ಬೆಳಿಗ್ಗೆ ಆ ಹೆಂಡತಿ ಮಲಗುವ ಕೋಣೆಯೊಳಗೆ ಸಿಕ್ಕಿಹಾಕಿಕೊಂಡಳು. ಬಾಗಿಲ ಹಿಡಿ ತಿರುಗಿಸಿದರೂ ಬೀಗದ ನಾಲಿಗೆ ಹಿಂದಕ್ಕೆ ಬರಲೊಲ್ಲದು. ಸಿಕ್ಕಿಹಾಕಿಕೊಳ್ಳಲು ಅದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಅವಳಿಗೆ ಡ್ರೈವಿಂಗ್ ಪರೀಕ್ಷೆ ಇತ್ತು. ಅವಳು ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಹೋಗುತ್ತಿದ್ದ ನರ್ಸರಿಯ ಯಜಮಾನಿ, “ಲೈಸೆನ್ಸ್ ತಗೊಂಡು ಬಾ, ಗಿಡ ಸಾಗಿಸೋ ವ್ಯಾನು ನಿನ್ನದೇ” ಎಂದಿದ್ದಳು. ಈ ಸಲವೂ ಕೈತಪ್ಪಿದರೆ ವ್ಯಾನು ಬೇರೆಯವರ ಪಾಲು.

ಹಿಂದಿನ ಸಲ ಅವಳು ನಪಾಸಾದದ್ದು ಕಾರು ಓಡಿಸಲು ಬಾರದೆ ಅಲ್ಲ. ರಾಯರು ಮೈದಾನದ ಬೇಲಿಗೆ ಒರಗಿ ನಿಂತು, ಎಡಕ್ಕೆ, ಬಲಕ್ಕೆ, ಇನ್ನೂ ಹಿಂದಕ್ಕೆ ಎಂದು ಎರಡೂ ಕೈಗಳಲ್ಲಿ ಸನ್ನೆ ಮಾಡಿದ್ದರು. ಅವಳು ಕನ್ನಡಿ ನೋಡುವುದು ಬಿಟ್ಟು ಗಂಡನ ಕೈ ನೋಡಿದಳು, ಕಂಬಕ್ಕೆ ಗುದ್ದಿದಳು. ಇನ್ಸ್‌ಪೆಕ್ಟರು, “ಗಾಡಿ ಓಡಿಸ್ತಿರೋದು ನೀವಾ, ಆ ಬೇಲಿ ಹತ್ರ ಇರೋವ್ರಾ?” ಎಂದು ಕೇಳಿದ್ದರು. ಇವತ್ತು ನೀವು ಬರುವುದು ಬೇಡ ಎಂದು ಅವಳು ವಾರದಿಂದ ಹೇಳುತ್ತಿದ್ದಳು. ಸನ್ನೆ ಇನ್ನಷ್ಟು ಸ್ಪಷ್ಟವಾಗಿ ಮಾಡುತ್ತೇನೆ ಎಂದು ರಾಯರು ವಾರದಿಂದ ಧೈರ್ಯ ಹೇಳುತ್ತಿದ್ದರು.

“ಗಾಬರಿ ಆಗ್ಬೇಡ, ನಾನಿದ್ದೀನಿ” ಎಂದು ರಾಯರು ಬಾಗಿಲ ಹೊರಗೆ ಮಂಡಿಯೂರಿದರು.

“ಅದಕ್ಕೇ ಗಾಬರಿ ಆಗ್ತಿರೋದು” ಎಂದಿತು ಒಳಗಿನ ದನಿ.

ಮೊದಲು ಎಣ್ಣೆ ಬಿಟ್ಟರು. ಎಣ್ಣೆ ಬೀಗದೊಳಗೆ ಹೋಗುವ ಬದಲು ಬಾಗಿಲ ಮೇಲಿಂದ ಹರಿದು ಅವರ ಅಂಗಿಯ ತೋಳು ಸೇರಿತು. ಆಮೇಲೆ ಹೊರಗಿನ ಹಿಡಿಯ ಸ್ಕ್ರೂ ಬಿಚ್ಚಿದರು. ಹಿಡಿ ಕಳಚಿ ಅವರ ಕಾಲ ಮೇಲೆ ಬಿತ್ತು.

“ಏನದು ಸದ್ದು?” ಎಂದಳು ಹೆಂಡತಿ.

“ಪ್ರಗತಿ” ಎಂದರು ರಾಯರು, ಹೆಬ್ಬೆರಳು ಹಿಡಿದುಕೊಂಡು.

ಹಜಾರದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ರಾಯರ ತಾಯಿ, “ನಿನ್ನೆ ತನಕ ಚೆನ್ನಾಗಿತ್ತಲ್ಲೋ ಆ ಬಾಗಿಲು. ನಿನ್ನೆ ನೀನೇನು ಮಾಡ್ದೆ?” ಎಂದರು.

“ಬೀಗ ಮುಟ್ಟೇ ಇಲ್ಲಮ್ಮ. ಬಾಗಿಲ ಒಳಗಡೆ ಹುಕ್ಕು ಹೊಡೆದು ನನ್ನ ಬಟ್ಟೆ ನೇತುಹಾಕಿದೆ ಅಷ್ಟೇ. ಕಪಾಟಿನಲ್ಲಿ ಇವಳಿಗೇ ಜಾಗ ಆಗ್ಲಿ ಅಂತ.”

ಒಳಗೆ ಒಂದೊಂದೇ ಬಟ್ಟೆ ಮಂಚದ ಮೇಲೆ ಬೀಳುವ ಸದ್ದು ಕೇಳಿಸಿತು. ರಾಯರ ಎರಡು ಉಣ್ಣೆ ಕೋಟು, ಒಂದು ಮಳೆಕೋಟು, ಇವತ್ತಲ್ಲ ನಾಳೆ ಹೊಟ್ಟೆ ಕರಗೀತು ಎಂದು ಕಾದಿಟ್ಟ ಪ್ಯಾಂಟುಗಳ ಒಂದು ಪಡೆ. ಕೊನೆಯದು ಬಿದ್ದ ಮೇಲೆ ಬಾಗಿಲು ಕಿರ್ ಎಂದು ತುಸು ಮೇಲೆದ್ದಿತು, ಹಿಡಿ ತಿರುಗಿತು, ಹೆಂಡತಿ ಹೊರಗೆ ಬಂದಳು.

“ಬೀಗಕ್ಕೇನೂ ಆಗಿಲ್ಲ ರೀ. ನಿಮ್ಮ ಬಟ್ಟೆ ಭಾರಕ್ಕೆ ಬಾಗಿಲು ಜೋತುಬಿದ್ದು ನಾಲಿಗೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು.”

“ಎಣ್ಣೆ ಇಳಿಯೋಕೆ ಸ್ವಲ್ಪ ಹೊತ್ತು ಬೇಕು. ಈಗ ಇಳಿದಿದೆ” ಎಂದರು ರಾಯರು.

ಬೀದಿಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಹಾರ್ನ್ ಮಾಡಿತು. “ಅಂಗಿ ಬದಲಿಸಿ ಬಂದೆ, ನಾನೂ ಬರ್ತೀನಿ” ಎಂದು ರಾಯರು ಕೋಣೆಗೆ ನುಗ್ಗಿದರು. ಹೆಂಡತಿಯ ಮುಖ ಬಾಡಿತು. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಎದ್ದು ಬಾಗಿಲ ಬಳಿ ಬಂದರು.

“ನಿಜವಾಗ್ಲೂ ಎಣ್ಣೆಯಿಂದಾನೇ ತೆರೀತೇನೋ?”

“ಅನುಮಾನವೇನಮ್ಮ?”

“ನಂಗೇನೂ ಇಲ್ಲಪ್ಪ. ಇವಳು ನಂಬ್ತಿಲ್ಲ. ಆ ಬಟ್ಟೆಯೆಲ್ಲ ಮತ್ತೆ ನೇತುಹಾಕಿ, ಬಾಗಿಲು ಹಾಕಿ ತೆರೆದು ತೋರಿಸಿಬಿಡು. ಬಾಯಿ ಮುಚ್ಚಿಕೊಳ್ತಾಳೆ.”

ಹೆಂಡತಿಯ ಬಾಯಿ ಮುಚ್ಚಿಸುವ ಇಂಥ ಅವಕಾಶ ರಾಯರ ಸಂಸಾರದಲ್ಲಿ ಹಿಂದೆ ಬಂದಿರಲಿಲ್ಲ. ಕೋಟು, ಮಳೆಕೋಟು, ಪ್ಯಾಂಟು, ಎಲ್ಲವನ್ನೂ ನೇತುಹಾಕಿದರು. ಮೇಲೆ ಹೆಂಡತಿಯ ಶಾಲನ್ನೂ ಸೇರಿಸಿದರು. ಒಳಗಿನಿಂದ ಬಾಗಿಲು ಹಾಕಿದರು. ಹಿಡಿ ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು.

“ಆಯ್ತೇನೋ?” ಎಂದರು ತಾಯಿ.

“ಎಣ್ಣೆ ಇಳೀತಿದೆ.”

“ಬಟ್ಟೆ ತೆಗೆದು ನೋಡು.”

“ಬಟ್ಟೆಗೂ ಬೀಗಕ್ಕೂ ಸಂಬಂಧ ಇಲ್ಲಮ್ಮ.”

“ಹಾಗಾದ್ರೆ ನಿಧಾನವಾಗಿ ಇಳೀಲಿ ಬಿಡು. ನೀನು ಹೊರಡಮ್ಮ, ಹೊತ್ತಾಯ್ತು” ಎಂದದ್ದು ರಾಯರಿಗೆ ಕೇಳಿಸಿತು. ಕಾರಿನ ಬಾಗಿಲು ಹಾಕಿಕೊಂಡದ್ದೂ ಕೇಳಿಸಿತು. ಕೋಟು ಒಂದನ್ನು ತೆಗೆಯಲು ಕೈ ಮುಂದೆ ಹೋಯಿತು, ಮಾನ ಹಿಂದಕ್ಕೆ ಎಳೆಯಿತು. ಅವರು ಮಂಚದ ಮೇಲೆ ಕೂತರು. ಪಾಪ, ಸನ್ನೆ ಮಾಡುವವರಿಲ್ಲದೆ ಅವಳೇನು ಮಾಡುತ್ತಾಳೋ ಎಂದು ಅವರಿಗೆ ನಿಜಕ್ಕೂ ದುಃಖವಾಯಿತು.

ಬಿಸಿಲು ಮಂಚದವರೆಗೆ ಬಂದಾಗ ಬೀದಿಯಲ್ಲಿ ಹಾರ್ನ್ ಕೇಳಿಸಿತು. ರಾಯರು ಕಿಟಕಿಗೆ ಓಡಿದರು. ಹೆಂಡತಿ ಕಾರನ್ನು ಹಿಮ್ಮುಖವಾಗಿ ತಂದು ಗೇಟಿನ ಪಕ್ಕ ನಿಲ್ಲಿಸುತ್ತಿದ್ದಳು. ರಾಯರ ಕೈ ಅಭ್ಯಾಸಬಲದಿಂದ ಸರಳುಗಳ ನಡುವೆ ಹೊರಬಂದು ‘ಇನ್ನೂ ಹಿಂದಕ್ಕೆ’ ಎಂದಿತು. ಅವಳು ನೋಡಲೇ ಇಲ್ಲ. ಕಾರು ಗೋಡೆಯ ಪಕ್ಕ ನೆಟ್ಟಗೆ, ಗೀರಿಲ್ಲದೆ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಸ್ಕೂಲಿನ ಮೇಡಂ ಚಪ್ಪಾಳೆ ತಟ್ಟಿದಳು.

“ಪಾಸು ಅತ್ತೆ. ಸೋಮವಾರದಿಂದ ವ್ಯಾನು” ಎಂಬ ದನಿ ಹಜಾರಕ್ಕೆ ಬಂತು. “ಇವರೆಲ್ಲಿ?”

“ಇಳೀತಿದ್ದಾನೆ” ಎಂದರು ತಾಯಿ.

ರಾಯರು ಒಳಗಿನಿಂದಲೇ ಸಂಧಾನಕ್ಕೆ ಬಂದರು. “ಬಟ್ಟೆ ತೆಗೀತೀನಿ. ಆದ್ರೆ ಬೆಳಿಗ್ಗೆ ತೆರೆದದ್ದು ಎಣ್ಣೆಯಿಂದ ಅಂತ ಒಪ್ಪಿಕೋ.”

“ಒಪ್ಪಿದೆ ರೀ.”

ಬಾಗಿಲು ತೆರೆಯಿತು. ಹೆಂಡತಿಯ ಮುಖದಲ್ಲಿದ್ದ ಕಳೆ ನೋಡಿ ರಾಯರಿಗೆ ಹೆಬ್ಬೆರಳಿನ ನೋವು ಮರೆತುಹೋಯಿತು. ಸಂತೋಷದಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಂಡು, “ನಿನಗೆ ತೊಂದರೆ ಆಯ್ತು. ಈ ಹುಕ್ಕುಗಳನ್ನ ಈಗಲೇ ಕಿತ್ತುಹಾಕ್ತೀನಿ” ಎಂದರು.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ, “ಬೇಡ ಬೇಡ, ಅವು ಅಲ್ಲೇ ಇರಲಿ” ಎಂದರು.

ಕೀಳಬೇಡ ಎಂದು ಮನೆಯವರು ತನ್ನ ಕೈಕೆಲಸವನ್ನು ಉಳಿಸಿಕೊಂಡದ್ದು ಇದೇ ಮೊದಲು ಎಂದು ರಾಯರ ಎದೆ ಉಬ್ಬಿತು.