ಸೊಗಡಿಲ್ಲದ ಸೋಯಾ

ಸೀಸೆಯಲ್ಲಿ ಬೀಜ ಸಾಕೋ ಕಡೆ ಕೆಲಸಕ್ಕೆ ನಿಂತ್ರೆ ನಗುವೂ ಸಾವೂ ಒಂದೇ ಬಾಗಿಲಲ್ಲಿ ಬರ್ತವೆ. ಹಾಸನದ ಒಂದು ಲ್ಯಾಬಿನಲ್ಲಿ ನಾನು ಅಟೆಂಡರ್. ಸೀಸೆ ತೊಳೆಯೋದು, ಬೈಸಿಕೊಳ್ಳೋದು, ಎರಡೂ ನನ್ನ ಪಾಲಿಗೆ.

ಒಗ್ಗರಣೆ

ಅರಕಲಗೂಡಿನ ಹುಡುಗಿಯೊಬ್ಬಳು ನಮ್ಮಲ್ಲಿ ಪಿಎಚ್.ಡಿ. ಮಾಡ್ತಿದ್ದಳು. ಎಳೇ ಸೋಯಾ ಕಾಯಿಂದ ಭ್ರೂಣ, ಅಂದ್ರೆ ಕಾಳಿನೊಳಗಿನ ಎಳೇ ಮೊಳಕೆ, ತೆಗೆದು ಸೀಸೆಯಲ್ಲಿ ಸಾಕೋದು, ಒಂದಕ್ಕೆ ಒಂದು ಹಾರ್ಮೋನು, ಇನ್ನೊಂದಕ್ಕೆ ಇನ್ನೊಂದು ಹಾಕೋದು. ಅದರಿಂದ ಒಳಗಿನ ಎಣ್ಣೆಯ ಗುಣ ಹೇಗೆ ಬದಲಾಗ್ತದೆ ಅಂತ ನೋಡೋದು. ಅವಳಪ್ಪ ಒಂದಿನ ಬಂದ.

"ಎಣ್ಣೆ ಏಟು ಬತ್ತದವ್ವ?"

"ತೆಗೆಯಲ್ಲಪ್ಪ. ಎಂಥದ್ದು ಅಂತ ನೋಡ್ತೀವಿ ಅಷ್ಟೆ."

"ಇಷ್ಟು ವರ್ಸ ಓದಿ ಒಂದು ಒಗ್ಗರಣೆಗೂ ಆಗಕ್ಕಿಲ್ವಲ್ಲ."

ಸೂತಕ

ಒಂದ್ಸಲ ಕರೆಂಟ್ ಹೋಯ್ತು. ಜನರೇಟರಿಗೆ ಡೀಸೆಲ್ ಹಾಕಿಸೋರಿಲ್ಲ, ದರಿದ್ರ. ಎ.ಸಿ. ನಿಂತು ಭ್ರೂಣಗಳೆಲ್ಲ ಕಪ್ಪಗಾಗಿ ಸತ್ತವು. ಹುಡುಗಿ ಅಳಲಿಲ್ಲ, ಗೋಡೆ ನೋಡ್ಕೊಂಡು ಕೂತಳು. ನಾನು ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲಾನೂ ಮುಚ್ಚಿ, ನಲ್ಲಿ ಕೆಳಗೆ ತಲೆಗೂ ನೀರು ಹಾಕ್ಕೊಂಡೆ. ಅವಳ ಗೈಡ್ ನೋಡಿ ಗದರಿದರು.

"ಏನಯ್ಯ ಇದು, ಸೂತಕವಾ?"

"ಮಕ್ಕಳಂಗೆ ಸಾಕ್ರಿ ಅಂದೋರು ನೀವೇ ಅಲ್ವಾ ಸಾ?"

ಸೊಗಡು

ಉಳಿದಿದ್ದು ಕೊನೇ ಅವಕಾಶ. ಈ ಸಲ ತಪ್ಪಿದ್ರೆ ಪದವಿ ಇಲ್ಲ. ಹಬ್ಬಕ್ಕೂ ಊರಿಗೆ ಹೋಗದೆ ಸಾಕಿದಳು, ಪುಣ್ಯಾತ್ಗಿತ್ತಿ. ಭ್ರೂಣಗಳು ತಿಳಿ ಹಸಿರಾಗಿ ಮೈದುಂಬಿದವು. ಹಾರ್ಮೋನಿಗೊಂದು ಡಬ್ಬಿಯಂತೆ ಅವನ್ನ ತುಂಬಿ ಲ್ಯಾಬಿನ ಫ್ರಿಜ್ಜಿನಲ್ಲಿಟ್ಟಳು. ಬೆಳಗ್ಗೆ ಎಣ್ಣೆ ಪರೀಕ್ಷೆಗೆ ಮೈಸೂರಿಗೆ ಒಯ್ಯಬೇಕು.

'ಇಲ್ಲಿ ತಿನ್ನೋ ಪದಾರ್ಥ ಇಡಕೂಡದು' ಅಂತ ಫ್ರಿಜ್ಜಿಗೆ ಅಂಟಿಸಿದ್ದು ಗೈಡೇ. ಚನ್ನರಾಯಪಟ್ಟಣದ ತಮ್ಮ ಅತ್ತೆ ಕೊಟ್ಟ ಹಿತಕಿದ ಅವರೆಯನ್ನ ಅಂಥವೇ ಡಬ್ಬಿಗಳಿಗೆ ಸುರಿದು ಅಲ್ಲೇ ಇಟ್ಟಿದ್ದೂ ಅವರೇ. ಸಾಯಂಕಾಲ ಅವಸರದಲ್ಲಿ ಡಬ್ಬಿ ತಗೊಂಡು ಮನೆಗೆ ಹೋದರು.

ಬೆಳಗ್ಗೆ ಬಂದವರೇ ಶುರು ಮಾಡಿದರು.

"ನಮ್ಮತ್ತೆ ಈ ಸಲ ಎಂಥಾ ಅವರೆ ಕೊಟ್ರಯ್ಯ? ಕಾಳೂ ಸಣ್ಣ, ಸಾರಿಗೆ ಸೊಗಡೇ ಇಲ್ಲ."

ಹುಡುಗಿ ಫ್ರಿಜ್ಜು ತೆಗೆದಳು. ಒಳಗೆ ಇದ್ದದ್ದೆಲ್ಲ ಅವರೆ. ಎಲ್ಲ ಹಾರ್ಮೋನೂ ಒಂದೇ ಪಾತ್ರೇಲಿ ಬೆಂದು ಹೋಗಿದ್ದವು. ಗೈಡೇ ಹೋಗಿ ಇನ್ನೊಂದು ಅವಕಾಶ ಕೊಡಿ ಅಂತ ಮೇಲಿನವರ ಕಾಲು ಹಿಡಿದರು, ಸಿಗಲಿಲ್ಲ.

ಹಾಸ್ಟೆಲಿನಿಂದ ಮಗಳ ಟ್ರಂಕು ಒಯ್ಯಲು ಅವಳಪ್ಪ ಬಂದ. ನಾನೇ ಎಲ್ಲ ಹೇಳಿದೆ. ಅವನು ಟ್ರಂಕು ತಲೆಗೇರಿಸಿ, ಮಗಳ ಮುಖ ನೋಡದೆ ಅಂದ:

"ಓಗ್ಲಿ ಬಿಡವ್ವ. ಅಂತೂ ಒಗ್ಗರಣೆಗಾಯ್ತಲ್ಲ."