ಗಾಯಗೊಂಡ ಜಿಂಕೆಯ ಹಿಂದೆ ಕನ್ನಡಕದವರು

"ಹದಿನೈದೇ ದಿನ! ಹದಿನಾರನೇ ದಿನ ಆ ಕಾಡಿನ ಜಿಂಕೆಗಳೆಲ್ಲ ನನ್ನ ಹೆಜ್ಜೆ ಸಪ್ಪಳ ಕೇಳಿ ಗಂಟುಮೂಟೆ ಕಟ್ಟದಿದ್ದರೆ ಕೇಳು!" ಎಂದು ಕನ್ನಡಕದವರು ಫೋನಿನಲ್ಲಿ ಭಾವಮೈದುನನಿಗೆ ಸವಾಲು ಹಾಕಿದರು.

"ಹೆಜ್ಜೆ ಸಪ್ಪಳ ಕೇಳಿಸೋದೇ ನಿಮ್ಮ ತೊಂದರೆ ಭಾವ," ಎಂದ ಅವನು.

ಕನ್ನಡಕದ ಅಂಗಡಿ ಇಟ್ಟು ಊರಿನ ಅರ್ಧ ಮೂಗುಗಳ ಮೇಲೆ ಕನ್ನಡಕ ಕೂರಿಸಿದ ಮಹಾನುಭಾವರು ಇವರು. ಯಾರಿಗೆ ಎಷ್ಟು ಕಾಣಿಸುವುದಿಲ್ಲ ಎಂದು ನಿಂತ ನಿಲುವಿನಲ್ಲೇ ಹೇಳಬಲ್ಲರು. ಅಂಥವರು ಕಂಪ್ಯೂಟರಿನ ಬೇಟೆ ಆಟದಲ್ಲಿ ಒಂದು ತಿಂಗಳಿಂದ ಒಂದು ಮೊಲವನ್ನೂ ಹೊಡೆದಿರಲಿಲ್ಲ! ಗುಂಡಿ ಒತ್ತಿದರೆ ಢಂ ಎನ್ನುವ ಮಕ್ಕಳಾಟವಲ್ಲ ಅದು. ಅಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ, ಮೈವಾಸನೆ ಹರಡುತ್ತದೆ, ಒಣ ಎಲೆ ಮೆಟ್ಟಿದರೆ ದಿಬ್ಬದಾಚೆಯ ಜಿಂಕೆ ಕಿವಿ ನಿಮಿರಿಸುತ್ತದೆ.

ಭಾವಮೈದುನ ಸೂತ್ರಗಳನ್ನು ಹೇಳುತ್ತಾ ಹೋದ, ಇವರು ಬರೆದು ಗೋಡೆಗೆ ಅಂಟಿಸಿದರು. ಗಾಳಿಗೆ ಎದುರಾಗಿ ನಡೆ. ಬಗ್ಗಿ ನಡೆ, ಓಡಬೇಡ. ತಲೆಗೆ ಗುರಿ ಬೇಡ. ಪ್ರಾಣಿ ಪಕ್ಕಕ್ಕೆ ತಿರುಗುವವರೆಗೆ ಕಾದು ಮುಂಗಾಲಿನ ಹಿಂದಕ್ಕೆ ಹೊಡಿ. ಕಿವಿಗೆ ಹೆಡ್‌ಫೋನ್ ಇರಲಿ. ಪ್ರಾಣಿ ಮೊದಲು ಸಿಗುವುದು ಕಿವಿಗೆ. ಗಾಯಗೊಂಡದ್ದನ್ನು ಮಾತ್ರ ಬಿಟ್ಟು ಬರಬೇಡ, ರಕ್ತದ ಹನಿ ಓದಿಕೊಂಡು ಹಿಂಬಾಲಿಸು. ಹನಿ ದುಂಡಗಿದ್ದರೆ ಪ್ರಾಣಿ ಅಲ್ಲಿ ನಿಂತಿತ್ತು. ಹನಿಗೆ ಬಾಲವಿದ್ದರೆ ಬಾಲ ಚಾಚಿದ ಕಡೆಗೆ ಹೋಗಿದೆ.

ಅಭ್ಯಾಸ ಮನೆಯಲ್ಲೇ ಶುರುವಾಯಿತು. ಬರಿಗಾಲಲ್ಲಿ, ಉಸಿರು ಬಿಗಿಹಿಡಿದು, ಕೋಣೆಯಿಂದ ಕೋಣೆಗೆ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿದರೆ ಭುಜದ ಹಿಂದೆಯೇ ಗಂಡನ ಮುಖ!

"ಅಯ್ಯೋ! ಎದೆ ಒಡೆದುಹೋಯ್ತು ರೀ! ಬಂದಾಗ ಒಂದು ಸಲ ಕೆಮ್ಮಬಾರದಾ?"

"ಕೆಮ್ಮಿದರೆ ಜಿಂಕೆ ಓಡುತ್ತೆ ಕಣೇ."

"ಹೆಂಡತೀನೂ ಓಡ್ತಾಳೆ."

ಭಾನುವಾರ ಮಧ್ಯಾಹ್ನ ಪರದೆ ಎಳೆದು, ಹೆಡ್‌ಫೋನ್ ಏರಿಸಿ ಕನ್ನಡಕದವರು ಕಾಡು ಹೊಕ್ಕರು. ಒಂದೂವರೆ ಗಂಟೆ ಪೊದೆಯಲ್ಲಿ ಕೂತ ಮೇಲೆ ಕವಲುಕೊಂಬಿನ ಗಂಡು ಜಿಂಕೆಯೊಂದು ಬಂತು. ಹೊಡೆದರು. ತಗಲಿತು! ಆದರೆ ಅದು ಬೀಳಲಿಲ್ಲ, ಕುಂಟುತ್ತ ಮರಗಳ ನಡುವೆ ಮರೆಯಾಯಿತು.

ಇನ್ನು ಸೂತ್ರ ಮರೆಯುವುದುಂಟೆ? ಹನಿಯಿಂದ ಹನಿಗೆ ಹಿಂಬಾಲಿಸಿದರು. ಪಾಪ, ಎಷ್ಟು ನೋವೋ ಎಂದು ಕಣ್ಣು ಕೂಡ ತೇವವಾಯಿತು. ಇಲ್ಲದ ಜಿಂಕೆಗೆ ಮರುಗುವುದು ಎಷ್ಟು ಸಲೀಸು ನೋಡಿ ಸ್ವಾಮಿ! ಅದಕ್ಕೆ ಪಟ್ಟಿ ಕಟ್ಟಬೇಕಿಲ್ಲ, ಆಟೋ ಕರೆಯಬೇಕಿಲ್ಲ, ಎದ್ದು ನಿಲ್ಲಲೂ ಬೇಕಿಲ್ಲ!

ಆಗಲೇ ಕತ್ತಿನ ಹಿಂದೆ ಉಸಿರು ಕೇಳಿಸಿತು. ಬಿಟ್ಟು ಬಿಟ್ಟು, ನಡುಗುವ ಉಸಿರು. "ಎಂಥಾ ಆಟ ಮಾಡಿದ್ದಾರಪ್ಪ! ಪಕ್ಕದಲ್ಲೇ ಇದೆ ಅನ್ನಿಸುತ್ತೆ!" ಎಂದು ರೋಮಾಂಚನಗೊಂಡರು. ಉಸಿರು ಏನೋ ಹೇಳಿದಂತಾಯಿತು. ತಿರುಗದೆ, ತೋರುಬೆರಳೆತ್ತಿ, "ಶ್!" ಎಂದರು. ಉಸಿರು ನಿಂತಿತು.

ಜಿಂಕೆ ಸಿಕ್ಕಿತು. ಪರದೆಯ ಮೇಲೆ ಪದಕ ಮಿನುಗಿತು. ಕನ್ನಡಕದವರು ಹೆಡ್‌ಫೋನ್ ತೆಗೆದು, "ಇವಳೇ! ಬಾ ಇಲ್ಲಿ, ನೋಡು!" ಎಂದು ಕೂಗಿದರು.

ಹೊಲಿಗೆ ಯಂತ್ರದ ಸದ್ದು ಯಾವಾಗ ನಿಂತಿತ್ತೋ. ನೀರು ಕುಡಿಯಲೆಂದು ಎದ್ದು ತಿರುಗಿದರೆ, ಕುರ್ಚಿಯ ಹಿಂದೆ ನೆಲದ ಮೇಲೆ ಹನ್ನೊಂದು ಹನಿ.

ಕೆಂಪು. ದುಂಡಗೆ. ಒಂದರ ಮೇಲೊಂದು ಬಿದ್ದು ಹರಡಿದ್ದವು, ಅಂಚು ಆಗಲೇ ಒಣಗಿತ್ತು.

"ಇಲ್ಲಿ ನಿಂತಿತ್ತು," ಎಂದಿತು ಅವರ ತಲೆ, ತಾನಾಗಿಯೇ. "ತುಂಬಾ ಹೊತ್ತು ನಿಂತಿತ್ತು."

ಹೆಂಡತಿಯ ಫೋನಿಗೆ ಕರೆ ಮಾಡಿದರು. ಅದು ಪಕ್ಕದ ಕೋಣೆಯಲ್ಲೇ ಹೊಡೆದುಕೊಂಡಿತು. ಹೊಲಿಗೆ ಮೇಜಿನ ಮೇಲೆ ಅರ್ಧ ಕತ್ತರಿಸಿದ ನೀಲಿ ಬಟ್ಟೆ, ಬಾಯಿ ತೆರೆದುಕೊಂಡೇ ಬಿದ್ದಿದ್ದ ದೊಡ್ಡ ಕತ್ತರಿ, ಅಲಗೆಲ್ಲ ಕೆಂಪು. ಅಲ್ಲಿಂದ ಹನಿಗಳು ಬಚ್ಚಲಿಗೆ ಹೋಗಿದ್ದವು, ಬಚ್ಚಲಿನಿಂದ ಕುರ್ಚಿಯ ಹಿಂದಕ್ಕೆ, ಕುರ್ಚಿಯಿಂದ ಬಾಗಿಲಿಗೆ. ಬಾಗಿಲಿನಿಂದ ಮತ್ತೊಮ್ಮೆ ಕುರ್ಚಿಯ ಹಿಂದಕ್ಕೆ! ಅಲ್ಲಿಂದ ಬಾಲ ಚಾಚಿಕೊಂಡು, ಹೊರಗೆ.

ಹೊಲಿಯುವ ಕೈ! ಅದೇ ಕೈಯೇ? ಎಷ್ಟು ಆಳ? ಎಲ್ಲಾದರೂ ಬಿದ್ದುಬಿಟ್ಟಿದ್ದರೆ? ಬಗ್ಗಿ, ಹನಿ ಹುಡುಕುತ್ತ ಮೆಟ್ಟಿಲಿಳಿದರು. ಕೆಳಮನೆಯ ಅಜ್ಜಿ ಬಾಗಿಲಲ್ಲಿ ಕೂತಿದ್ದರು.

"ಏನಪ್ಪಾ ಹುಡುಕ್ತಿದ್ದೀಯ?"

"ಹೆಂಡತೀನ, ಅಜ್ಜಿ."

"ನೆಲದ ಮೇಲಾ?"

ಬೀದಿಯಲ್ಲಿ ಬಿಸಿಲು ಸುರಿಯುತ್ತಿತ್ತು, ಅಂಗಡಿಗಳೆಲ್ಲ ಬಾಗಿಲೆಳೆದಿದ್ದವು, ಒಂದು ನರಪಿಳ್ಳೆಯೂ ಇಲ್ಲ. ದೀಪದ ಕಂಬದ ಬುಡದಲ್ಲಿ ಮತ್ತೆ ದುಂಡು ಹನಿಗಳು. ಪಕ್ಕದ ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಅಂಗೈ ಗುರುತು. ಒರಗಿಕೊಂಡಿದ್ದಾಳೆ. ಅಲ್ಲಿಂದ ಇಪ್ಪತ್ತು ಹೆಜ್ಜೆ, ಆಮೇಲೆ ಏನೂ ಇಲ್ಲ.

ಏನೇನೂ ಇಲ್ಲ! ನೆಲ ನುಂಗಿದ ಹಾಗೆ.

ಜಾಡು ತಪ್ಪಿದರೆ ಕೊನೆಯ ಹನಿಗೆ ಮರಳಿ ಅದರ ಸುತ್ತ ಸುತ್ತಬೇಕು, ಅದೂ ಭಾವಮೈದುನನ ಸೂತ್ರವೇ. ಕನ್ನಡಕದವರು ನಡುಬೀದಿಯಲ್ಲಿ ಒಂದು ಹನಿಯ ಸುತ್ತ ಗಾಣದೆತ್ತಿನಂತೆ ಸುತ್ತಿದರು. ಮೊದಲ ಸುತ್ತು, ಎರಡನೆಯ ಸುತ್ತು. ಮೂರನೆಯದರಲ್ಲಿ ಚರಂಡಿಯ ಅಂಚಿಗೆ ಸಿಕ್ಕಿಕೊಂಡ ನೀಲಿ ಬಟ್ಟೆಯ ಎಳೆಯೊಂದು ಕಂಡಿತು. ಎದುರಿಗೆ ದವಾಖಾನೆ.

ಓಡಬೇಡ ಎಂಬ ಸೂತ್ರ ಮುರಿದು ಓಡಿದರು.

ಒಳಗೆ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು, ಬಿಳಿಚಿಕೊಂಡು, ನೆಟ್ಟಗೆ. ಎಡಗೈಗೆ ದಪ್ಪ ಪಟ್ಟಿ. ಏಳು ಹೊಲಿಗೆ. ಬೆರಳುಗಳೆಲ್ಲ ಆಡುತ್ತಿದ್ದವು. ಕನ್ನಡಕದವರಿಗೆ ಹೋದ ಜೀವ ಬಂದಂತಾಗಿ, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ನರ್ಸಮ್ಮ ಚೀಟಿ ಬರೆಯುತ್ತಿದ್ದಳು.

"ಗಾಯ ಆದಾಗ ಮನೇಲಿ ಯಾರಾದರೂ ಇದ್ದರಾ ಅಕ್ಕಾ?"

ಹೆಂಡತಿ ಗಂಡನ ಮುಖ ನೋಡಿದಳು. ನೋಡುತ್ತಲೇ ಹೇಳಿದಳು:

"ಯಾರೂ ಇರಲಿಲ್ಲ."

ಕನ್ನಡಕದವರಿಗೆ ಒಂದು ಕ್ಷಣ ಅದು ನಿಜವೇ ಅನ್ನಿಸಿಬಿಟ್ಟಿತು. ತಮ್ಮ ತೋಳನ್ನು ತಾವೇ ಮುಟ್ಟಿ ನೋಡಿಕೊಂಡರು.

ನರ್ಸಮ್ಮ ಈಗ ತಲೆಯೆತ್ತಿದಳು. ಬರಿಗಾಲು, ಮೈಯೆಲ್ಲ ಬೆವರು, ಮಂಡಿಗೆಲ್ಲ ಧೂಳು. "ಹಾಗಾದರೆ ಇವರು ಯಾರು?"

"ಯಾರೋ ಪುಣ್ಯಾತ್ಮರು," ಎಂದಳು ಹೆಂಡತಿ. "ಬೀದೀಲಿ ರಕ್ತ ನೋಡಿ, ಯಾರಿಗೆ ಏನಾಯ್ತೋ ಅಂತ ಬಂದಿದ್ದಾರೆ. ಈ ಕಾಲದಲ್ಲಿ ಯಾರು ಬರ್ತಾರೆ ಹೇಳಿ? ಪಾಪ, ಅವರಿಗೊಂದು ಕುರ್ಚಿ ಹಾಕಿ."